ಮನೆಯಲ್ಲಿ ಭಾಷಾವಿಚಾರ: ‘ಇಟ್’ ಎಂಬ ಕಿರುಪದವು ಎಲ್ಲಿ ನಿಲ್ಲಬೇಕು?



ನಮ್ಮ ಮನೆಯಲ್ಲಿ ಹೋದ ತಿಂಗಳು ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಸಲದ ಲೇಖನವು ಹುಟ್ಟಿತು. ಸಾಯಂಕಾಲ ದೇವರಿಗೆ ದೀಪವನ್ನು ಹಚ್ಚಿ ಎಲ್ಲರೂ ನಡುಮನೆಯಲ್ಲಿ ಕುಳಿತಿದ್ದೆವು. ಮೊಮ್ಮಗನು ಓದುವ ಕೋಣೆಯ ವಿದ್ಯುದ್ದೀಪವನ್ನು ಹಾಗೆಯೇ ಬಿಟ್ಟು ಬಂದಿದ್ದನು. ಅವನು ಇಂಗ್ಲೀಷು ಶಾಲೆಯ ವಿದ್ಯಾರ್ಥಿಯಾದುದರಿಂದ, ಅವನೊಡನೆ ಆ ಭಾಷೆಯಲ್ಲಿಯೇ ನಾಲ್ಕು ಮಾತನಾಡಬೇಕೆಂಬ ಹಂಬಲವುಳ್ಳ ನನ್ನ ಮನೆಯಾಕೆಯು, “ಟರ್ನ್ ಆಫ್ ಇಟ್” ಎಂದಳು. ಹುಡುಗನು ನಗುತ್ತ, “ಹಾಗಲ್ಲ ಅಜ್ಜಿ, ‘ಟರ್ನ್ ಇಟ್ ಆಫ್’ ಎನ್ನಬೇಕು” ಎಂದನು. ಪಕ್ಕದಲ್ಲಿದ್ದ ಅವನ ತಂಗಿಯು ಕೂಡಲೆ, “ಹಾಗಾದರೆ ‘ಲುಕ್ ಅಟ್ ಇಟ್’ ಎಂಬುದನ್ನೂ ‘ಲುಕ್ ಇಟ್ ಅಟ್’ ಎನ್ನಬೇಕೇನಣ್ಣ?” ಎಂದು ಕೇಳಿದಳು. ಎಲ್ಲರೂ ನಕ್ಕೆವು. ಆದರೆ ‘ಏಕೆ ಅನ್ನಬಾರದು?’ ಎಂಬುದಕ್ಕೆ ಮಾತ್ರ ಅಣ್ಣನ ಬಳಿಯಲ್ಲಿಯೂ ಉತ್ತರವಿರಲಿಲ್ಲ, ಅವನ ತಂದೆಯ ಬಳಿಯಲ್ಲಿಯೂ ಇರಲಿಲ್ಲ.

ಮಗುವಿನ ಪ್ರಶ್ನೆಯು ನಗುವಂತಹುದಲ್ಲ. ಅದು ಇಂಗ್ಲೀಷು ಭಾಷೆಯ ಒಂದು ಮುಖ್ಯವಾದ ಮರ್ಮವನ್ನೇ ಮುಟ್ಟಿರುವುದು. ನಮ್ಮಲ್ಲಿ ಅನೇಕರು ಹತ್ತಿಪ್ಪತ್ತು ವರ್ಷಗಳ ಕಾಲ ಆ ಭಾಷೆಯನ್ನು ಓದಿ, ಕಠಿಣವಾದ ಪುಸ್ತಕಗಳನ್ನು ಅರ್ಥಮಾಡಿಕೊಳ್ಳಬಲ್ಲವರಾಗಿದ್ದರೂ, ಈ ಕಿರುಪದಗಳ ಬಳಿಗೆ ಬಂದಾಗ ತಡವರಿಸುವರು. ಆದುದರಿಂದ ಈ ತಿಂಗಳು ಇದನ್ನೇ ಸ್ವಲ್ಪ ವಿಚಾರಮಾಡೋಣ.

ಮೊದಲು ವಸ್ತುವಿಷಯವನ್ನು ನೋಡೋಣ. ಇಂಗ್ಲೀಷಿನಲ್ಲಿ ‘ಗೋ’, ‘ಕಮ್’, ‘ಗೆಟ್’, ‘ಪುಟ್’, ‘ಟೇಕ್’, ‘ಗಿವ್’, ‘ಲುಕ್’, ‘ಟರ್ನ್’ ಎಂಬಿವೇ ಮೊದಲಾದ ಸಣ್ಣ ಸಣ್ಣ ಕ್ರಿಯಾಪದಗಳುಂಟು. ‘ಅಪ್’, ‘ಡೌನ್’, ‘ಇನ್’, ‘ಔಟ್’, ‘ಆನ್’, ‘ಆಫ್’, ‘ಓವರ್’, ‘ಥ್ರೂ’, ‘ಅಟ್’, ‘ಫಾರ್’ ಎಂಬಿವೇ ಮೊದಲಾದ ಸಣ್ಣ ಅವ್ಯಯಗಳೂ ಉಂಟು. ಈ ಎರಡು ಗುಂಪುಗಳೂ ಒಂದನ್ನೊಂದು ಕೂಡಿಕೊಂಡಾಗ ಲೆಕ್ಕವಿಲ್ಲದಷ್ಟು ಹೊಸ ಅರ್ಥಗಳು ಹುಟ್ಟುವುವು. ‘ಗಿವ್’ ಎಂದರೆ ಕೊಡು. ‘ಗಿವ್ ಅಪ್’ ಎಂದರೆ ಬಿಟ್ಟುಬಿಡು. ‘ಗಿವ್ ಇನ್’ ಎಂದರೆ ಸೋತು ಒಪ್ಪಿಕೊ. ‘ಪುಟ್’ ಎಂದರೆ ಇಡು; ‘ಪುಟ್ ಆನ್’ ಎಂದರೆ ತೊಟ್ಟುಕೊ; ‘ಪುಟ್ ಆಫ್’ ಎಂದರೆ ಮುಂದಕ್ಕೆ ಹಾಕು; ‘ಪುಟ್ ಔಟ್’ ಎಂದರೆ ಬೆಂಕಿಯನ್ನು ನಂದಿಸು.

ಇದು ಪರದೇಶದವರನ್ನು ಕಾಡತಕ್ಕ ವಿಷಯವೆಂಬುದು ಇಂಗ್ಲೀಷರಿಗೂ ತಿಳಿಯದ ಸಂಗತಿಯಲ್ಲ. 1755ರಲ್ಲಿ ತನ್ನ ಪ್ರಸಿದ್ಧವಾದ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯಲ್ ಜಾನ್‌ಸನ್ ಪಂಡಿತನು ಅದರ ಮುನ್ನುಡಿಯಲ್ಲಿಯೇ, ಕ್ರಿಯಾಪದಕ್ಕೆ ಅವ್ಯಯವು ಸೇರುವ ಈ ರೀತಿಯಿಂದ ಅನ್ಯಭಾಷೆಯವರಿಗೆ ಅತ್ಯಂತ ಕಷ್ಟವಾಗುವುದೆಂದು ಹೇಳಿ, ಅಂತಹವುಗಳನ್ನು ಶ್ರಮಪಟ್ಟು ಕೂಡಿಹಾಕಿರುವನು. ಇಂದು ಬಳಕೆಯಲ್ಲಿರುವ ‘ಫ್ರೇಸಲ್ ವರ್ಬ್’ ಎಂಬ ಹೆಸರಾದರೋ ಬಹಳ ತಡವಾಗಿ ಬಂದುದು. ಲೋಗನ್ ಪಿಯರ್‌ಸಾಲ್ ಸ್ಮಿತ್ ಎಂಬಾತನು 1925ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಇದನ್ನು ಬಳಸಿ, ಈ ಹೆಸರನ್ನು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿ ಎಂದು ತಿಳಿಸಿರುವನು.

ಇನ್ನು ಮಗುವಿನ ಪ್ರಶ್ನೆಗೆ ಬರೋಣ. ‘ಟರ್ನ್ ಆಫ್’ ಎಂಬಲ್ಲಿ ‘ಇಟ್’ ನಡುವೆ ನಿಲ್ಲುವುದು. ‘ಲುಕ್ ಅಟ್’ ಎಂಬಲ್ಲಿ ಕೊನೆಯಲ್ಲಿ ನಿಲ್ಲುವುದು. ಕಾರಣವೇನು?

ಮದುವೆಯ ಚಪ್ಪರವನ್ನು ನೆನೆದುಕೊಳ್ಳಿರಿ. ಅಲ್ಲಿ ಓಡಾಡುವವರೆಲ್ಲರೂ ನೋಡಲಿಕ್ಕೆ ಒಂದೇ ತೆರನಾಗಿರುವರು. ಎಲ್ಲರೂ ರೇಷ್ಮೆಯನ್ನೇ ಉಟ್ಟಿರುವರು. ಆದರೆ ಒಬ್ಬನು ಗಂಡಿನ ಕಡೆಯವನು, ಇನ್ನೊಬ್ಬನು ಹೆಣ್ಣಿನ ಕಡೆಯವನು. ಯಾರು ಯಾವ ಕಡೆಯವರೆಂದು ತಿಳಿಯದೆ ಉಪಚಾರಮಾಡಹೊರಟರೆ ಪ್ರಮಾದವಾಗುವುದು. ಇಂಗ್ಲೀಷಿನ ಈ ಅವ್ಯಯಗಳೂ ಹಾಗೆಯೇ. ನೋಡಲಿಕ್ಕೆ ಒಂದೇ ಬಗೆಯವಾಗಿದ್ದರೂ ಅವುಗಳಲ್ಲಿ ಕೆಲವು ಕ್ರಿಯಾಪದದ ಕಡೆಯವು, ಕೆಲವು ನಾಮಪದದ ಕಡೆಯವು.

‘ಲುಕ್ ಅಟ್ ದಿ ಲೈಟ್’ ಎಂಬಲ್ಲಿ ‘ಅಟ್’ ಎಂಬುದು ನಾಮಪದದ ಕಡೆಯದು. ನಮ್ಮ ವಿಭಕ್ತಿ ಪ್ರತ್ಯಯವು ನಾಮಪದದ ಹಿಂದೆ ಅಂಟಿಕೊಳ್ಳುವಂತೆ ಅದು ಮುಂದೆ ಅಂಟಿಕೊಂಡಿರುವುದು. ‘ದೀಪದ ಕಡೆಗೆ’ ಎಂಬಲ್ಲಿ ‘ದೀಪ’ವನ್ನೂ ‘ಕಡೆಗೆ’ ಎಂಬುದನ್ನೂ ಅಗಲಿಸಲಾಗದು; ಅದರಂತೆ ‘ಅಟ್’ ಎಂಬುದನ್ನು ಹಿಂದಕ್ಕೆ ಬಿಟ್ಟು ‘ಲೈಟ್’ ಎಂಬುದು ಮುಂದಕ್ಕೆ ಬಾರದು. ನಾಮಪದವಿದ್ದ ಜಾಗದಲ್ಲಿ ಸರ್ವನಾಮವು ಬಂದರೂ ಇದೇ ನಿಯಮ: ‘ಲುಕ್ ಅಟ್ ಇಟ್’.

‘ಟರ್ನ್ ಆಫ್ ದಿ ಲೈಟ್’ ಎಂಬಲ್ಲಿಯಾದರೋ ‘ಆಫ್’ ಎಂಬುದು ದೀಪದ ಕಡೆಯದಲ್ಲ, ಕ್ರಿಯೆಯ ಕಡೆಯದು. ‘ಟರ್ನ್’ ಮತ್ತು ‘ಆಫ್’ ಎಂಬಿವೆರಡೂ ಕೂಡಿ ‘ಆರಿಸು’ ಎಂಬ ಒಂದೇ ಕ್ರಿಯೆಯಾಗಿರುವುವು. ದೀಪವು ಆ ಕ್ರಿಯೆಗೆ ಕರ್ಮಪದ. ಆದುದರಿಂದಲೇ ಕರ್ಮಪದವು ಎರಡರ ನಡುವೆ ಬಂದು ನಿಲ್ಲಬಹುದು: ‘ಟರ್ನ್ ದಿ ಲೈಟ್ ಆಫ್’. ನಾಮಪದಕ್ಕೆ ಎರಡು ಸ್ಥಳಗಳೂ ತೆರೆದಿರುವುವು. ಸರ್ವನಾಮಕ್ಕೆ ಮಾತ್ರ ಈ ಸ್ವಾತಂತ್ರ್ಯವಿಲ್ಲ. ಅದು ನಡುವೆಯೇ ನಿಲ್ಲತಕ್ಕದ್ದು. ‘ಟರ್ನ್ ಇಟ್ ಆಫ್’, ‘ಪುಟ್ ಇಟ್ ಆನ್’, ‘ವೇಕ್ ಹಿಮ್ ಅಪ್’, ‘ರಿಂಗ್ ಮಿ ಅಪ್’, ‘ಲೆಟ್ ದೆಮ್ ಇನ್’ ಎಂದೇ ಹೇಳಬೇಕು.

ಸರ್ವನಾಮಕ್ಕೆ ಈ ಕಟ್ಟು ಏಕೆ? ಇಂಗ್ಲೀಷು ವಾಕ್ಯದಲ್ಲಿ ಕೊನೆಯ ಸ್ಥಾನವು ಭಾರವುಳ್ಳ ಸ್ಥಾನ. ಕೇಳುವವನಿಗೆ ಹೊಸದಾದ ಸಂಗತಿಯನ್ನು ಸಾಮಾನ್ಯವಾಗಿ ಅಲ್ಲಿ ಕೂಡಿಸುವರು. ‘ಇಟ್’ ಎಂಬುದು ಆಗಲೇ ತಿಳಿದಿರುವ ವಸ್ತುವನ್ನು ಸುಮ್ಮನೆ ನೆನಪಿಸುವ ಹಗುರವಾದ ಪದ. ಹಗುರವಾದುದನ್ನು ಒಳಕ್ಕೆ ಸರಿಸಿ, ಕ್ರಿಯೆಯ ಫಲವನ್ನು ಹೇಳುವ ‘ಆಫ್’ ಎಂಬುದನ್ನು ಕೊನೆಯಲ್ಲಿ ಒತ್ತಿ ನುಡಿಯುವರು. ಇದಕ್ಕೆ ವಿರುದ್ಧವಾಗಿ ಕರ್ಮಪದವು ಬಹಳ ಉದ್ದವಾಗಿದ್ದರೆ, ‘ಮಾವನವರು ದೀಪಾವಳಿಗೆ ಕಳುಹಿಸಿದ ಹೊಸ ಅಂಗಿ’ ಎಂಬಷ್ಟಿದ್ದರೆ, ಅದು ನಡುವೆ ಬಂದು ಕ್ರಿಯೆಯನ್ನು ಹರಿದುಹಾಕಬಾರದೆಂದು ಅದನ್ನೇ ಕೊನೆಗೆ ಇಡುವರು. ಹಗುರವಾದುದು ಒಳಗೆ, ಭಾರವಾದುದು ಹೊರಗೆ. ಇಷ್ಟೇ ಇದರ ತಿರುಳು.

ಹಾಗಾದರೆ ಯಾವ ಅವ್ಯಯವು ಯಾವ ಕಡೆಯದೆಂದು ತಿಳಿಯುವುದು ಹೇಗೆ? ಮೂರು ಪರೀಕ್ಷೆಗಳನ್ನು ಹೇಳುವೆನು.

ಒಂದನೆಯದು, ನಾಮಪದವನ್ನು ನಡುವೆ ಇಟ್ಟು ನೋಡುವುದು. ‘ಪುಟ್ ದಿ ಕೋಟ್ ಆನ್’ ಎಂಬುದು ಕಿವಿಗೆ ಹೊಂದುವುದು. ‘ವೇಟ್ ದಿ ಬಸ್ ಫಾರ್’ ಎಂಬುದು ಹೊಂದದು. ನಾಮಪದವು ನಡುವೆ ನಿಲ್ಲಬಲ್ಲುದಾದರೆ ಸರ್ವನಾಮವು ನಡುವೆಯೇ ನಿಲ್ಲಬೇಕು. ನಿಲ್ಲಲಾರದಾದರೆ ಸರ್ವನಾಮವೂ ನಿಲ್ಲಲಾರದು.

ಎರಡನೆಯದು, ‘ಮೆಲ್ಲಗೆ’, ‘ಎಚ್ಚರಿಕೆಯಿಂದ’ ಎಂಬಂತಹ ಪದವನ್ನು ಕ್ರಿಯಾಪದಕ್ಕೂ ಅವ್ಯಯಕ್ಕೂ ನಡುವೆ ಸೇರಿಸಿ ನೋಡುವುದು. ‘ಲುಕ್ ಕೇರ್‌ಫುಲಿ ಅಟ್ ದಿ ಪಿಕ್ಚರ್’ ಎನ್ನಬಹುದು. ‘ಪುಟ್ ಕೇರ್‌ಫುಲಿ ಆನ್ ದಿ ಕೋಟ್’ ಎಂದರೆ ತೊಟ್ಟುಕೊಳ್ಳುವ ಅರ್ಥವು ಕೆಟ್ಟುಹೋಗುವುದು.

ಮೂರನೆಯದು, ಕಿವಿಗೊಟ್ಟು ಕೇಳುವುದು. ‘ಪುಟ್ ಇಟ್ ಆನ್’ ಎಂಬಲ್ಲಿ ಒತ್ತು ‘ಆನ್’ ಎಂಬುದರ ಮೇಲೆ ಬೀಳುವುದು. ‘ಲುಕ್ ಅಟ್ ಇಟ್’ ಎಂಬಲ್ಲಿ ಒತ್ತು ‘ಲುಕ್’ ಎಂಬುದರ ಮೇಲೆ ಬಿದ್ದು, ಮುಂದಿನ ಎರಡು ಪದಗಳೂ ಬಾಲದಂತೆ ಎಳೆದುಕೊಂಡು ಬರುವುವು. ಮಕ್ಕಳಿಗೆ ವ್ಯಾಕರಣವನ್ನು ಹೇಳುವುದಕ್ಕಿಂತ ಈ ಒತ್ತನ್ನು ಕೇಳಿಸುವುದೇ ಹೆಚ್ಚು ಫಲಕಾರಿಯಾದುದು.

ಈ ಪರೀಕ್ಷೆಗಳ ಪ್ರಯೋಜನವನ್ನು ತಿಳಿಯಬೇಕಾದರೆ ‘ರನ್ ಅಪ್’ ಎಂಬುದನ್ನು ತೆಗೆದುಕೊಳ್ಳಿರಿ. ‘ರನ್ ಅಪ್ ಎ ಹಿಲ್’ ಎಂದರೆ ಗುಡ್ಡವನ್ನು ಓಡಿ ಹತ್ತುವುದು. ‘ರನ್ ಅಪ್ ಎ ಬಿಲ್’ ಎಂದರೆ ಅಂಗಡಿಯಲ್ಲಿ ಲೆಕ್ಕ ಬರೆಯಿಸಿ ಬರೆಯಿಸಿ ಸಾಲವನ್ನು ಬೆಳೆಸುವುದು. ಕಾಗದದ ಮೇಲೆ ಎರಡೂ ಒಂದೇ ರೂಪ. ಆದರೆ ಸರ್ವನಾಮವನ್ನು ಇಟ್ಟಕೂಡಲೆ ಗುಟ್ಟು ಹೊರಬೀಳುವುದು. ಗುಡ್ಡವಾದರೆ ‘ರನ್ ಅಪ್ ಇಟ್’. ಸಾಲವಾದರೆ ‘ರನ್ ಇಟ್ ಅಪ್’.

ಒಂದೇ ಕ್ರಿಯಾಪದ, ಒಂದೇ ಅವ್ಯಯ, ಒಂದೇ ಸರ್ವನಾಮ. ಸ್ಥಳವು ಬದಲಾದರೆ ಅರ್ಥವೇ ಬದಲಾಗುವ ಜೋಡಿಗಳು ಇನ್ನೂ ಉಂಟು. ‘ಗೆಟ್ ಓವರ್ ಇಟ್’ ಎಂದರೆ ರೋಗದಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದು. ‘ಗೆಟ್ ಇಟ್ ಓವರ್’ ಎಂದರೆ ಬೇಡದ ಕೆಲಸವನ್ನು ಬೇಗನೆ ಮುಗಿಸಿಬಿಡುವುದು. ‘ಲುಕ್ ಓವರ್ ಇಟ್’ ಎಂದರೆ ಗೋಡೆಯೋ ಬೇಲಿಯೋ ಅಡ್ಡವಿದ್ದಾಗ ಅದರ ಮೇಲಿನಿಂದ ಆಚೆಗೆ ನೋಡುವುದು. ‘ಲುಕ್ ಇಟ್ ಓವರ್’ ಎಂದರೆ ಬರೆಹವನ್ನೋ ಲೆಕ್ಕವನ್ನೋ ಒಮ್ಮೆ ಪರಿಶೀಲಿಸುವುದು. ನಾಯಿಯು ಒಬ್ಬನ ಮೇಲೆ ತಿರುಗಿಬಿದ್ದರೆ ‘ಟರ್ನ್ಡ್ ಆನ್ ಹಿಮ್’; ದೀಪವನ್ನು ಹಾಕಿದರೆ ‘ಟರ್ನ್ಡ್ ಇಟ್ ಆನ್’.

ಇಂತಹುದೇ ಇನ್ನೊಂದು ಜೋಡಿಯುಂಟು. ‘ಸೀ ಥ್ರೂ’ ಎಂಬುದು. ಅದನ್ನು ನಾನು ವ್ಯಾಕರಣದ ಪುಸ್ತಕದಿಂದ ಕಲಿತವನಲ್ಲ, ಹಸಿವಿನಿಂದ ಕಲಿತೆನು. ಆ ಕಥೆಯನ್ನು ಹೇಳುವುದಕ್ಕೆ ಇಷ್ಟು ವರ್ಷಗಳ ಮೇಲೆ ನಾಚಿಕೆಯೇನೂ ಇಲ್ಲ.

ನಾನು ಹಳ್ಳಿಯಿಂದ ಪಟ್ಟಣಕ್ಕೆ ಬಂದು ವಾರಾನ್ನದಿಂದ ಓದುತ್ತಿದ್ದ ಕಾಲವದು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಸೋಮವಾರದ ಊಟವು ಒಬ್ಬ ವೃದ್ಧ ವಕೀಲರ ಮನೆಯಲ್ಲಿ. ಆ ವರ್ಷ ನನಗೆ ವಿಷಮಜ್ವರವು ಬಂದು ಒಂದು ತಿಂಗಳು ಮಲಗಿದೆನು. ಔಷಧಕ್ಕೆ ಹಣವನ್ನು ಕೊಟ್ಟವರು ಆ ವಕೀಲರು. ಪರೀಕ್ಷೆಯ ಶುಲ್ಕವನ್ನು ಕಟ್ಟಿದವರೂ ಅವರೇ. ಸ್ವಲ್ಪ ಚೇತರಿಸಿಕೊಂಡಮೇಲೆ ನನ್ನನ್ನು ಹಳ್ಳಿಗೆ ಕರೆದುಕೊಂಡುಹೋದರು. ಅಲ್ಲಿಂದ ಆ ಮಹನೀಯರಿಗೆ ಒಂದು ಕೃತಜ್ಞತಾಪತ್ರವನ್ನು ಬರೆಯಬೇಕೆಂದುಕೊಂಡೆನು. ಕನ್ನಡದಲ್ಲಿ ಬರೆದಿದ್ದರೆ ಎರಡು ಸಾಲಿನಲ್ಲಿ ಮುಗಿಯುತ್ತಿದ್ದಿತು. ಆದರೆ ಅವರ ಹಣದಿಂದ ನಾನು ಕಲಿತ ಇಂಗ್ಲೀಷನ್ನು ಅವರಿಗೇ ತೋರಿಸಬೇಕೆಂಬ ಆಸೆ. ‘ಕಷ್ಟಕಾಲದಲ್ಲಿ ಕೈಬಿಡದೆ ಕೊನೆಯವರೆಗೆ ದಾಟಿಸು’ ಎಂಬುದಕ್ಕೆ ‘ಸೀ ಥ್ರೂ’ ಎಂಬ ಸೊಗಸಾದ ಮಾತುಂಟೆಂದು ಎಲ್ಲಿಯೋ ಓದಿದ್ದೆನು. ಅದನ್ನೇ ಹಿಡಿದು, “ಯೂ ಸಾ ಥ್ರೂ ಮಿ, ಐ ಶಲ್ ನೆವರ್ ಫರ್‌ಗೆಟ್ ಇಟ್” ಎಂದು ದುಂಡಾದ ಅಕ್ಷರಗಳಲ್ಲಿ ಬರೆದು ಅಂಚೆಗೆ ಹಾಕಿದೆನು.

ವಕೀಲರು ಆಗ ಮಗಳ ಬಾಣಂತನಕ್ಕೆಂದು ಪರಸ್ಥಳಕ್ಕೆ ಹೋಗಿದ್ದರು. ಪತ್ರವನ್ನು ಒಡೆದವರು ಅವರ ಹಿರಿಯ ಮಗನು. ಅವರು ಚೆನ್ನಾಗಿ ಓದಿದವರು; ತಂದೆಯವರು ಕಂಡಕಂಡ ಹುಡುಗರಿಗೆಲ್ಲ ಹಣ ಕೊಡುವರೆಂಬ ಅಸಮಾಧಾನವೂ ಅವರಲ್ಲಿದ್ದಿತು. ‘ಸೀ ಥ್ರೂ ಮಿ’ ಎಂದರೆ ‘ನನ್ನ ಕಪಟವನ್ನು ಕಂಡುಹಿಡಿ’ ಎಂದರ್ಥ. ‘ತಾವು ನನ್ನ ಮೋಸವನ್ನು ಕಂಡುಹಿಡಿದಿರಿ, ಅದನ್ನು ನಾನೆಂದಿಗೂ ಮರೆಯಲಾರೆನು’ ಎಂದು ನಾನೇ ಕೈಯಾರೆ ಬರೆದು ಒಪ್ಪಿಕೊಂಡಂತಾಗಿದ್ದಿತು. ಜ್ವರವೇ ಸುಳ್ಳು, ಔಷಧದ ಹಣವನ್ನು ಹುಡುಗನು ಬೇರೆಯದಕ್ಕೆ ಬಳಸಿಕೊಂಡನೆಂದು ಅವರು ನಿಶ್ಚಯಿಸಿದರು. ನಾನು ಪಟ್ಟಣಕ್ಕೆ ಹಿಂದಿರುಗಿ ಸೋಮವಾರ ಊಟಕ್ಕೆ ಹೋದಾಗ ಬಾಗಿಲಲ್ಲಿಯೇ ನಿಂತು, “ಇನ್ನು ಸೋಮವಾರ ಇಲ್ಲಿಗೆ ಬರುವುದು ಬೇಡ” ಎಂದರು. ಏಕೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಮೂರು ತಿಂಗಳ ಕಾಲ ಸೋಮವಾರಗಳನ್ನು ಒಂದು ಹಿಡಿ ಅವಲಕ್ಕಿಯಿಂದ ಕಳೆದೆನು. ಹಸಿವಿಗಿಂತ ಹೆಚ್ಚಾಗಿ, ನಾನು ಮಾಡಿದ ತಪ್ಪೇನೆಂದು ತಿಳಿಯದಿದ್ದುದೇ ನನ್ನನ್ನು ಸುಡುತ್ತಿದ್ದಿತು.

ವಕೀಲರು ಊರಿಗೆ ಬಂದವರು ನನ್ನನ್ನು ಕರೆಯಿಸಿದರು. ಮೇಜಿನ ಮೇಲೆ ನನ್ನ ಪತ್ರವಿದ್ದಿತು. ಪಕ್ಕದಲ್ಲಿ ಮಗನು ನಿಂತಿದ್ದರು. “ಏನಪ್ಪ, ಇದರಲ್ಲಿ ನೀನು ಬರೆದಿರುವುದೇನು? ಕನ್ನಡದಲ್ಲಿ ಹೇಳು” ಎಂದರು. “ತಾವು ನನ್ನನ್ನು ಕಷ್ಟದಿಂದ ದಾಟಿಸಿದಿರಿ ಎಂದು ಬರೆದಿದ್ದೇನೆ ಸ್ವಾಮಿ” ಎಂದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೀಸದ ಕಡ್ಡಿಯನ್ನು ತೆಗೆದುಕೊಂಡು, ಕೊನೆಯಲ್ಲಿದ್ದ ‘ಮಿ’ ಎಂಬುದನ್ನು ಹೊಡೆದುಹಾಕಿ ‘ಥ್ರೂ’ ಎಂಬುದಕ್ಕೆ ಮೊದಲು ಬರೆದರು: “ಯೂ ಸಾ ಮಿ ಥ್ರೂ.” ಪತ್ರವನ್ನು ಮಗನ ಕೈಗೆ ಕೊಟ್ಟು, “ಹುಡುಗ ತಪ್ಪಿದ್ದು ಇಷ್ಟೇ” ಎಂದರು. ಮಗನು ಅದನ್ನು ಎರಡು ಸಲ ಓದಿ, ನನ್ನ ಮುಖವನ್ನು ನೋಡಲಾರದೆ, “ಬರುವ ಸೋಮವಾರದಿಂದ ಬಾ” ಎಂದರು. ಮುಂದೆ ಅವರು ನನಗೆ ಅನೇಕ ಪುಸ್ತಕಗಳನ್ನು ಓದಲು ಕೊಟ್ಟರು. ನನ್ನ ಇಂಗ್ಲೀಷನ್ನು ತಿದ್ದಿದವರೂ ಅವರೇ. ಅವರಲ್ಲಿ ನನಗೆ ದೋಷವು ಕಾಣುವುದಿಲ್ಲ. ಅವರು ಓದಿದುದು ನಾನು ಬರೆದುದನ್ನೇ; ನಾನು ಬರೆದುದು ಮಾತ್ರ ನನ್ನ ಮನಸ್ಸಿನಲ್ಲಿದ್ದುದನ್ನಲ್ಲ.

ಎರಡಕ್ಷರದ ಒಂದು ಸರ್ವನಾಮವು ಒಂದು ಸ್ಥಾನ ಆಚೆಗೆ ಸರಿದುದರಿಂದ ಕೃತಜ್ಞತೆಯು ಕಳ್ಳತನದ ಒಪ್ಪಿಗೆಯಾಯಿತು. ಅಂದಿನಿಂದ ಈ ಕಿರುಪದಗಳನ್ನು ನಾನು ಕಿರಿದೆಂದು ಎಣಿಸಿಲ್ಲ.

ಎರಡರ ಬದಲು ಮೂರು ಪದಗಳು ಸೇರುವ ಜಾತಿಯೂ ಒಂದುಂಟು. ‘ಲುಕ್ ಫಾರ್ವರ್ಡ್ ಟು’ ಎಂದರೆ ಸಂತೋಷದಿಂದ ಎದುರುನೋಡುವುದು. ‘ರನ್ ಔಟ್ ಆಫ್’ ಎಂದರೆ ಇದ್ದುದು ತೀರಿಹೋಗುವುದು. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು. ಇವುಗಳಲ್ಲಿ ಕೊನೆಯ ಅವ್ಯಯವು ನಾಮಪದದ ಕಡೆಯದಾದುದರಿಂದ ಸರ್ವನಾಮವು ಅದರ ಹಿಂದೆಯೇ ಬರತಕ್ಕದ್ದು: ‘ಪುಟ್ ಅಪ್ ವಿತ್ ಇಟ್’. ಇಲ್ಲಿಯೂ ಎಚ್ಚರಿಕೆಯು ಬೇಕು. ಅತಿಥಿಯೊಬ್ಬನಿಗೆ ನಮ್ಮ ಮನೆಯಲ್ಲಿ ಇಳಿದುಕೊಳ್ಳಲು ಸ್ಥಳ ಕೊಡುವೆವೆನ್ನುವಾಗ ‘ಪುಟ್ ಹಿಮ್ ಅಪ್’ ಎನ್ನುವರು. ಅದನ್ನು ಮರೆತು ‘ಪುಟ್ ಅಪ್ ವಿತ್ ಹಿಮ್’ ಎಂದುಬಿಟ್ಟರೆ, ಆ ಪೀಡೆಯನ್ನು ಹೇಗೋ ಸಹಿಸಿಕೊಳ್ಳುವೆವು ಎಂದಂತಾಗುವುದು! ನಮ್ಮ ಕಛೇರಿಗಳಲ್ಲಿ ಕಡತವನ್ನು ಮೇಲಧಿಕಾರಿಗಳ ಮುಂದೆ ಮಂಡಿಸುವುದಕ್ಕೂ ‘ಪುಟ್ ಅಪ್’ ಎನ್ನುವ ವಾಡಿಕೆಯುಂಟು. ಅಲ್ಲಿಯೂ ‘ಪುಟ್ ಇಟ್ ಅಪ್’ ಎನ್ನುವುದೇ ಕ್ರಮ.

ಎರಡು ಸರ್ವನಾಮಗಳು ಬರುವ ಸಂದರ್ಭದಲ್ಲಿ ಪ್ರತಿಯೊಂದೂ ತನ್ನ ತನ್ನ ಸ್ಥಾನದಲ್ಲಿ ನಿಲ್ಲುವುದು. ‘ಗಿವ್ ಇಟ್ ಬ್ಯಾಕ್ ಟು ಮಿ’ ಎಂಬಲ್ಲಿ ಕರ್ಮಪದವಾದ ‘ಇಟ್’ ನಡುವೆ ನಿಂತಿರುವುದು. ‘ಮಿ’ ಎಂಬುದು ತನ್ನ ಅವ್ಯಯವಾದ ‘ಟು’ ಎಂಬುದರ ಹಿಂದೆ ನಿಂತಿರುವುದು. ಎಲ್ಲಿ ನಿಂತರೂ ಸರ್ವನಾಮವು ‘ಐ’, ‘ಹೀ’, ‘ಶೀ’, ‘ದೇ’ ಎಂದಿರದೆ ‘ಮಿ’, ‘ಹಿಮ್’, ‘ಹರ್’, ‘ದೆಮ್’ ಎಂದಾಗುವುದೆಂಬುದನ್ನು ಗಮನಿಸಿರಿ. ಇಂಗ್ಲೀಷಿನ ನಾಮಪದಗಳು ಕರ್ತೃವಿಗೂ ಕರ್ಮಕ್ಕೂ ಒಂದೇ ರೂಪವನ್ನು ಬಳಸುವುವು. ಸರ್ವನಾಮಗಳು ಮಾತ್ರ ಹಳೆಯ ವಿಭಕ್ತಿಯ ಗುರುತನ್ನು ಇಂದಿಗೂ ಉಳಿಸಿಕೊಂಡಿರುವುವು.

ನಮ್ಮವರು ಇಲ್ಲಿ ತಪ್ಪುವುದಕ್ಕೆ ಒಂದು ವಿಶೇಷ ಕಾರಣವಿದೆಯೆಂದು ನನಗೆ ತೋರುವುದು. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಯಲ್ಲಿ ಬರುವುದು. ಕರ್ಮಪದವು ಅದಕ್ಕೆ ಮುಂಚೆಯೇ ಬಂದು ಕುಳಿತಿರುವುದು. ಅದಲ್ಲದೆ ನಾವು ಇಂಗ್ಲೀಷಿನಿಂದ ಕ್ರಿಯಾಪದವನ್ನು ಬಿಟ್ಟು ಅವ್ಯಯವನ್ನು ಮಾತ್ರ ಎತ್ತಿಕೊಂಡಿರುವೆವು. ‘ಲೈಟು ಆಫ್ ಮಾಡು’, ‘ಫ್ಯಾನು ಆನ್ ಮಾಡು’ ಎನ್ನುವೆವೇ ಹೊರತು ‘ಟರ್ನ್’ ಎಂಬುದರ ಸುದ್ದಿಯೇ ನಮ್ಮ ಮನೆಗಳಲ್ಲಿಲ್ಲ. ‘ಅದನ್ನು ಆಫ್ ಮಾಡು’ ಎಂಬಲ್ಲಿ ‘ಆಫ್’ ಮತ್ತು ‘ಮಾಡು’ ಒಂದಕ್ಕೊಂದು ಅಂಟಿಕೊಂಡಿರುವುವು. ಇದೇ ಅಭ್ಯಾಸದಿಂದ ‘ಟರ್ನ್ ಆಫ್’ ಎಂಬುದನ್ನೂ ಅಂಟಿದ ಒಂದೇ ಪದವೆಂದು ಭಾವಿಸಿ, ‘ಇಟ್’ ಎಂಬುದನ್ನು ಕೊನೆಗೆ ತಳ್ಳುವೆವು.

ಹಾಗೆಂದು ಇಂಗ್ಲೀಷಿನ ಈ ರೀತಿಯು ನಮಗೆ ತೀರ ಹೊರಗಿನದೆಂದು ತಿಳಿಯಬೇಕಾಗಿಲ್ಲ. ಸಂಸ್ಕೃತದಲ್ಲಿ ಇಪ್ಪತ್ತೆರಡು ಉಪಸರ್ಗಗಳನ್ನು ಎಣಿಸಿರುವರು. ‘ಹೃ’ ಎಂಬ ಒಂದೇ ಧಾತುವಿನಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂಬ ಪದಗಳು ಹುಟ್ಟಿರುವುದನ್ನು ನೋಡಿದರೆ, ‘ಗಿವ್ ಅಪ್’, ‘ಗಿವ್ ಇನ್’ ಎಂಬುವುಗಳ ವಿಚಾರದಲ್ಲಿ ಆಶ್ಚರ್ಯಪಡಬೇಕಾದುದಿಲ್ಲ. ಇನ್ನೊಂದು ಸ್ವಾರಸ್ಯವೇನೆಂದರೆ, ಲೌಕಿಕ ಸಂಸ್ಕೃತದಲ್ಲಿ ಉಪಸರ್ಗವು ಧಾತುವಿಗೆ ಮೊದಲೇ ಅಂಟಿ ನಿಲ್ಲುವುದಾದರೂ, ವೇದದ ಭಾಷೆಯಲ್ಲಿ ಅದು ಕ್ರಿಯಾಪದವಾದ ಮೇಲೆಯೂ ಬರಬಹುದು, ನಡುವೆ ಬೇರೆ ಪದಗಳಿಗೆ ಎಡೆಗೊಟ್ಟು ದೂರದಲ್ಲಿಯೂ ನಿಲ್ಲಬಹುದು. ಪಾಣಿನಿಯು ಇದನ್ನು ಪ್ರತ್ಯೇಕ ಸೂತ್ರಗಳಿಂದಲೇ ಹೇಳಿರುವನು. ‘ಟರ್ನ್ ಇಟ್ ಆಫ್’ ಎಂಬಲ್ಲಿನ ಅಗಲಿಕೆಯೂ ಆ ಬಗೆಯದೇ. ಇಂಗ್ಲೀಷಿನ ದಾಯಾದಿಯಾದ ಜರ್ಮನ್ ಭಾಷೆಯಲ್ಲಿಯೂ ಕ್ರಿಯಾಪದದಿಂದ ಬೇರ್ಪಟ್ಟು ವಾಕ್ಯದ ಕೊನೆಗೆ ಹೋಗಿ ನಿಲ್ಲುವ ಇಂತಹ ಪದಗಳು ಹೇರಳವಾಗಿರುವುವು.

ನಮ್ಮ ಕನ್ನಡವು ಇದೇ ಕೆಲಸವನ್ನು ಬೇರೊಂದು ಉಪಾಯದಿಂದ ಮಾಡಿಕೊಳ್ಳುವುದು. ಅವ್ಯಯಕ್ಕೆ ಬದಲಾಗಿ ಇನ್ನೊಂದು ಕ್ರಿಯಾಪದವನ್ನೇ ಸೇರಿಸುವುದು. ‘ತಿನ್ನು’ ಎಂಬುದಕ್ಕೂ ‘ತಿಂದುಬಿಡು’ ಎಂಬುದಕ್ಕೂ ಇರುವ ಭೇದವೇ ‘ಈಟ್’ ಎಂಬುದಕ್ಕೂ ‘ಈಟ್ ಅಪ್’ ಎಂಬುದಕ್ಕೂ ಇರುವ ಭೇದ. ‘ಹಾಕು’ ಎಂಬುದು ‘ಹಾಕಿಕೊ’ ಎಂದಾದರೆ ‘ಪುಟ್’ ಎಂಬುದು ‘ಪುಟ್ ಆನ್’ ಎಂದಾದಂತೆ. ‘ಕೈಹಿಡಿ’, ‘ಕೈಬಿಡು’, ‘ಕೈಕೊಡು’ ಎಂಬ ಮಾತುಗಳನ್ನು ಪದಪದವಾಗಿ ಅರ್ಥಮಾಡಹೊರಟ ಪರದೇಶಿಯು ಪಡುವ ಪಾಡನ್ನು ನೆನೆದುಕೊಂಡರೆ, ನಮ್ಮ ಪಾಡು ಹೆಚ್ಚೇನಲ್ಲವೆಂದು ಸಮಾಧಾನವಾಗುವುದು. ‘ಸ್ನೇಹಿತನು ಕೈಕೊಟ್ಟನು’ ಎಂದು ಕೇಳಿ, ಸಹಾಯಮಾಡಿದನೆಂದು ಅವನು ಸಂತೋಷಪಟ್ಟರೆ ತಪ್ಪು ಯಾರದು?

ಇಷ್ಟು ತೊಡಕಿರುವಾಗ ಈ ಜೋಡಿಪದಗಳನ್ನು ಬಿಟ್ಟು, ‘ಪುಟ್ ಆಫ್’ ಎಂಬುದಕ್ಕೆ ‘ಪೋಸ್ಟ್‌ಪೋನ್’, ‘ಪುಟ್ ಅಪ್ ವಿತ್’ ಎಂಬುದಕ್ಕೆ ‘ಟಾಲರೇಟ್’, ‘ಗೋ ಇನ್’ ಎಂಬುದಕ್ಕೆ ‘ಎಂಟರ್’ ಎಂದು ಬಳಸಿದರಾಗದೇ ಎಂದು ಕೆಲವರು ಕೇಳಬಹುದು. ಆಗದೆಯೇನು? ಆದರೆ ಅವು ಬಹುಮಟ್ಟಿಗೆ ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳಿಂದ ಬಂದ ಪದಗಳು, ಪತ್ರವ್ಯವಹಾರಕ್ಕೆ ಒಪ್ಪುವುವು. ಮನೆಮಾತಿನಲ್ಲಿ ಅವುಗಳನ್ನೇ ಬಳಸಿದರೆ, ಅಡಿಗೆಮನೆಯಲ್ಲಿ ‘ಜಲವನ್ನು ಆನಯಿಸು’ ಎಂದಂತಾಗುವುದು. ಈ ಜೋಡಿಪದಗಳಿಗಿರುವ ಶಕ್ತಿಯನ್ನು ಕಂಡೇ ಸಿ. ಕೆ. ಆಗ್ಡನ್ ಎಂಬ ಪಂಡಿತನು 1930ರಲ್ಲಿ ಕೇವಲ 850 ಪದಗಳ ‘ಬೇಸಿಕ್ ಇಂಗ್ಲೀಷ್’ ಎಂಬುದನ್ನು ರಚಿಸಿದಾಗ, ಕ್ರಿಯಾಪದಗಳನ್ನು 18ಕ್ಕೆ ಇಳಿಸಿ, ಉಳಿದ ಕ್ರಿಯೆಗಳನ್ನೆಲ್ಲ ಅವುಗಳಿಗೆ ಅವ್ಯಯಗಳನ್ನೂ ನಾಮಪದಗಳನ್ನೂ ಸೇರಿಸಿಯೇ ಹೇಳಿಸಿದನು. ಪದಗಳ ಸಂಖ್ಯೆ ಕಡಿಮೆಯಾಯಿತು. ಆದರೆ ಜೋಡಿಸುವ ಕಷ್ಟವು ಕಲಿಯುವವನ ತಲೆಯ ಮೇಲೆಯೇ ಉಳಿಯಿತು.

ಕೊನೆಯದಾಗಿ ಮನೆಯಲ್ಲಿ ಮಾಡತಕ್ಕ ಒಂದು ಸುಲಭವಾದ ಅಭ್ಯಾಸವನ್ನು ಹೇಳುವೆನು. ಮಕ್ಕಳಾಗಲಿ ದೊಡ್ಡವರಾಗಲಿ ಇಂತಹ ಪದಗಳನ್ನು ‘ಪುಟ್ ಆನ್’, ‘ಲುಕ್ ಅಟ್’ ಎಂದು ಬರಿದಾಗಿ ಬಾಯಿಪಾಠ ಮಾಡಬಾರದು. ಸರ್ವನಾಮದ ಸಮೇತವಾಗಿಯೇ ಕಲಿಯಬೇಕು. ಒಂದು ಹಾಳೆಯನ್ನು ಎರಡು ಭಾಗಮಾಡಿ, ಎಡಗಡೆಯಲ್ಲಿ ‘ಪುಟ್ ಇಟ್ ಆನ್’, ‘ಟೇಕ್ ಇಟ್ ಆಫ್’, ‘ಪಿಕ್ ಇಟ್ ಅಪ್’, ‘ರೈಟ್ ಇಟ್ ಡೌನ್’, ‘ಥ್ರೋ ಇಟ್ ಅವೇ’, ‘ವೇಕ್ ಹಿಮ್ ಅಪ್’ ಎಂದೂ, ಬಲಗಡೆಯಲ್ಲಿ ‘ಲುಕ್ ಅಟ್ ಇಟ್’, ‘ಲುಕ್ ಫಾರ್ ಇಟ್’, ‘ಲುಕ್ ಆಫ್ಟರ್ ಹಿಮ್’, ‘ವೇಟ್ ಫಾರ್ ಹರ್’, ‘ಲಿಸನ್ ಟು ಮಿ’, ‘ಲಾಫ್ ಅಟ್ ದೆಮ್’ ಎಂದೂ ಬರೆದು ಗೋಡೆಗೆ ಹಚ್ಚಿರಿ. ಹೊಸದೊಂದು ಕಂಡಾಗಲೆಲ್ಲ ಅದರ ಕಡೆಯಾವುದೆಂದು ನಿಶ್ಚಯಿಸಿ ಸೇರಿಸುತ್ತ ಬನ್ನಿರಿ. ಸಂದೇಹ ಬಂದರೆ ನಿಘಂಟನ್ನು ನೋಡಬಹುದು. ಕಲಿಯುವವರಿಗಾಗಿ ರಚಿಸಿದ ಇಂದಿನ ಇಂಗ್ಲೀಷು ನಿಘಂಟುಗಳಲ್ಲಿ ‘ಸಮ್‌ಥಿಂಗ್’ ಎಂಬ ಪದವನ್ನು ನಡುವೆಯೋ ಕೊನೆಯಲ್ಲಿಯೋ ಇಟ್ಟು ಈ ಭೇದವನ್ನು ತೋರಿಸಿರುವರು.

ನಮ್ಮ ಮನೆಯ ಗೋಡೆಯ ಮೇಲೆ ಇಂತಹ ಹಾಳೆಯೊಂದು ಈಗ ಮೂರು ವಾರಗಳಿಂದ ಇರುವುದು. ಎಡಗಡೆಯ ಸಾಲನ್ನು ಮೊಮ್ಮಗನು ನೋಡಿಕೊಳ್ಳುವನು. ಬಲಗಡೆಯದು ಮೊಮ್ಮಗಳ ವಶ. ‘ಸೀ ಹಿಮ್ ಥ್ರೂ’ ಎಂಬುದನ್ನು ಎಡಗಡೆಯಲ್ಲಿ ನಾನೇ ಬರೆದೆನು. ಅದರ ಎದುರಿಗೆ ಬಲಗಡೆಯಲ್ಲಿ ‘ಸೀ ಥ್ರೂ ಹಿಮ್’ ಎಂದೂ ಬರೆದೆನು. ಮಗುವು ಎರಡನ್ನೂ ಓದಿ, “ಎರಡೂ ಒಂದೇ ಅಲ್ಲವೇ ತಾತ?” ಎಂದು ಕೇಳಿದಳು. ಅವಳನ್ನು ಹತ್ತಿರ ಕೂಡಿಸಿಕೊಂಡು ಅವಲಕ್ಕಿಯ ಸೋಮವಾರಗಳ ಕಥೆಯನ್ನು ಹೇಳಿದೆನು. ಮಾರನೆಯ ದಿನ ಅವಳ ಅಜ್ಜಿಯು ಕೋಣೆಯಿಂದ ಹೊರಬರುತ್ತ, ಯಾರೂ ಹೇಳದೆಯೇ, “ಟರ್ನ್ ಇಟ್ ಆಫ್” ಎಂದು ತಾನೇ ಹೇಳಿಕೊಂಡು ದೀಪವನ್ನು ಆರಿಸಿದಳು.